ಜಿಲ್ಲಾ ಪಂಚಾಯ್ತಿ ಕುರ್ಚಿ ಖಾಲಿ ಬಿದ್ದ ಕಥೆ

2016ರಲ್ಲಿ ಗೆದ್ದ ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಮೆಂಬರ್‌ಗಳ ಅವಧಿ 2021ಕ್ಕೇ ಮುಗೀತು. ಆಮೇಲೆ ವರ್ಷಗಟ್ಟಲೆ ಎಲೆಕ್ಷನ್ನೇ ಇಲ್ಲ, ಅಧ್ಯಕ್ಷರ ಜಾಗದಲ್ಲಿ ಆಡಳಿತಾಧಿಕಾರಿ. ಕೇಳಿದ್ರೆ ಒಬ್ರು ಡಿಲಿಮಿಟೇಶನ್ (ಕ್ಷೇತ್ರಗಳ ಗಡಿ ಹೊಸದಾಗಿ ಹಾಕೋದು) ಅಂತಾರೆ, ಇನ್ನೊಬ್ರು ಮೀಸಲಾತಿ ಅಂತಾರೆ, ಮತ್ತೊಬ್ರು ಕೋರ್ಟ್ ಕಡೆ ಕೈ ತೋರಿಸ್ತಾರೆ.

ಈ ಕುರ್ಚಿ ಮೊದಲು ಹೆಂಗಿತ್ತು ನೋಡಿ. 1959ರ ಪಂಚಾಯ್ತಿ ಕಾಯ್ದೆ, ತಾಲ್ಲೂಕು ಬೋರ್ಡು ಎಲ್ಲಾ ಇತ್ತು, ಆದ್ರೆ ಹೇಳ್ಕೊಳ್ಳೋವಂಥ ಅಧಿಕಾರ ಇರ್ಲಿಲ್ಲ. ಅಸಲಿ ಕಥೆ 1983ರದ್ದು. ರಾಮಕೃಷ್ಣ ಹೆಗಡೆ ಸಿಎಂ, ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್, ಊರೂರಿಗೆ ಬೋರ್‌ವೆಲ್ ಹಾಕ್ಸಿ ‘ನೀರ್ ಸಾಬ್’ ಅನ್ನಿಸ್ಕೊಂಡೋರು. ಹೊಸ ಕಾಯ್ದೆ ಬಂತು, 1987ರ ಜನವರಿಲಿ ಎಲೆಕ್ಷನ್ ಆಯ್ತು, ಹೆಂಗಸ್ರಿಗೆ 25% ಮೀಸಲು, ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯ್ತಿ) ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಇನ್ನೂ ಮಜಾ ಏನಂದ್ರೆ ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಡಿಸಿಗಿಂತ ಸೀನಿಯರ್ ಆಫೀಸರ್! ಬ್ರಿಟಿಷರ ಕಾಲದಿಂದ ಜಿಲ್ಲೆಗೇ ದೊರೆ ಥರ ಇದ್ದ ಡಿಸಿಗಿಂತ ಮೇಲಿನೋರು, ಹಳ್ಳಿ ಜನ ಆರಿಸಿ ಕಳ್ಸಿದ ಅಧ್ಯಕ್ಷರ ಕೈಕೆಳಗೆ. ಮೇಷ್ಟ್ರು ಶಾಲೆಗೆ ಬರ್ತಿಲ್ಲ, ಆಸ್ಪತ್ರೇಲಿ ಡಾಕ್ಟ್ರಿಲ್ಲ ಅಂದ್ರೆ ಬೆಂಗಳೂರಿಗೆ ಅರ್ಜಿ ಹಿಡ್ಕೊಂಡು ಅಲೀಬೇಕಿರ್ಲಿಲ್ಲ, ಪರಿಷತ್ತೇ ವಿಚಾರಿಸ್ತಿತ್ತು. ಎಮ್ಮೆಲ್ಲೆಗಳಿಗೆ ಇದು ಹೆಂಗ್ ಹಿಡಿಸೀತು ಹೇಳಿ, ವರ್ಗಾವಣೆ, ಕಾಮಗಾರಿ ಎರಡೂ ಕೈ ತಪ್ಪಿದ್ಮೇಲೆ ಬೆಳಿಗ್ಗೆ ಅವ್ರ ಮನೆ ಮುಂದೆ ಯಾರ್ ನಿಲ್ತಾರೆ?

1988ರಲ್ಲಿ ನಜೀರ್ ಸಾಬ್ ತೀರ್ಕೊಂಡ್ರು. ಐದು ವರ್ಷ ಮುಗಿದ್ಮೇಲೆ ಎಲೆಕ್ಷನ್ ಬದ್ಲು ಆಡಳಿತಾಧಿಕಾರಿಗಳು ಬಂದ್ರು.

ಸಂವಿಧಾನದ 73ನೇ ತಿದ್ದುಪಡಿ, ರಾಜ್ಯದ 1993ರ ಪಂಚಾಯ್ತಿ ಕಾಯ್ದೆ ಬಂದು ಪಂಚಾಯ್ತಿ ಏನೋ ಉಳೀತು, ಆದ್ರೆ ಹಳೇ ಗತ್ತು ಇಲ್ಲ. ಜಿಲ್ಲಾ ಪಂಚಾಯ್ತಿ ಅಧ್ಯಕ್ಷರಿಗೆ 20 ತಿಂಗಳ ಅವಧಿ, ಯಾವ ಫೈಲ್ ಎಲ್ಲಿದೆ ಅಂತ ಗೊತ್ತಾಗೋಷ್ಟರಲ್ಲಿ ಇಳಿಯೋ ಟೈಮು. ಅದನ್ನ ಐದು ವರ್ಷ ಮಾಡಿದ್ದು ತುಂಬಾ ತಡವಾಗಿ. 2010ರಲ್ಲಿ ಹೆಂಗಸ್ರಿಗೆ 50% ಮೀಸಲು ಆಯ್ತು, ಒಳ್ಳೇದೇ, ಆದ್ರೆ ಎಷ್ಟೋ ಗ್ರಾಮ ಪಂಚಾಯ್ತಿಲಿ ಚೆಕ್‌ಬುಕ್ ಅಧ್ಯಕ್ಷರ ಮನೆಗೇ ಹೋಗುತ್ತೆ, ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸಹಿ ಪಕ್ಕ ಅಧ್ಯಕ್ಷೆ ಸಹಿ ಹಾಕ್ಸಿ ವಾಪಸ್ ತಂದು ಕೊಡೋದು ಗಂಡ. (ಈಗ ಎದ್ದು ನಿಂತು ಪ್ರಶ್ನೆ ಕೇಳೋ ಅಧ್ಯಕ್ಷೆಯರೂ ಇದಾರೆ, ಅದನ್ನೂ ಹೇಳ್ಬೇಕು.)

ಇನ್ನು 2021. ರಾಜ್ಯ ಚುನಾವಣಾ ಆಯೋಗ ತಯಾರಿ ಮಾಡ್ಕೊಂಡಿತ್ತು, ಅಷ್ಟರಲ್ಲಿ ಕಾನೂನು ತಿದ್ದಿ ಕ್ಷೇತ್ರದ ಗಡಿ ಹಾಕೋ ಕೆಲಸ ಅವ್ರಿಂದ ತಗೊಂಡು ಬೇರೆ ಕಮಿಷನ್‌ಗೆ ಕೊಟ್ರು. ಐದು ವರ್ಷ ಮುಗಿಯೋದ್ರೊಳಗೆ ಎಲೆಕ್ಷನ್ ಆಗ್ಲೇಬೇಕು ಅನ್ನೋ ಸಂವಿಧಾನದ 243ಇ ವಿಧಿ ಪುಸ್ತಕದಲ್ಲೇ ಉಳೀತು. ತಡ ಮಾಡಿದ್ದಕ್ಕೆ ಹೈಕೋರ್ಟ್ 5 ಲಕ್ಷ ದಂಡ ಹಾಕ್ತು, 2023ರಲ್ಲಿ ಸರ್ಕಾರನೂ ಬದಲಾಯ್ತು, ಕುರ್ಚಿ ಮಾತ್ರ ತುಂಬ್ಲಿಲ್ಲ. ಬೇರೆ ಎಲ್ಲಾದಕ್ಕೂ ಕಚ್ಚಾಡೋ ಪಕ್ಷಗಳಿಗೆ ಇದೊಂದರಲ್ಲಿ ಅಂಥಾ ಅವಸರ ಕಾಣ್ಲಿಲ್ಲ, ಜಿಲ್ಲಾ ಪಂಚಾಯ್ತಿ ಮೆಂಬರ್ ಇಲ್ದಿದ್ರೆ ರಸ್ತೆಗೆ ಗುದ್ದಲಿ ಪೂಜೆ ಮಾಡೋಕೆ ಎಮ್ಮೆಲ್ಲೆ ಒಬ್ರೇ ಸಾಕಲ್ವಾ.