ಮಾಟಗಾತಿಯನ್ನು ಸುಮ್ನೆ ಬಿಟ್ಟುಬಿಟ್ರಾ?

ಪ್ರಶ್ನೆ: ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಕೆಟ್ಟವರಿಗೆ ತಕ್ಕ ಶಾಸ್ತಿ ಆಗುತ್ತಿತ್ತು. ಈಗ ಮಕ್ಕಳು ನೋಡುವ, ಓದುವ ಫ್ಯಾಂಟಸಿ ಕಥೆಗಳಲ್ಲಿ ಕೊನೆಗೆ ಎಲ್ಲರಿಗೂ ಕ್ಷಮೆ. ಮೊನ್ನೆ ಮಾಟಗಾತಿಯ ಕಥೆಯೊಂದು ಮುಗಿದಾಗ ಏಳು ವರ್ಷದ ಮಗಳು "ಅವಳಿಗೆ ಏನೂ ಮಾಡ್ಲೇ ಇಲ್ವಾ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಏನು ಮಾಡಿದರೂ ನಡೆಯುತ್ತದೆ ಅಂತ ಮಕ್ಕಳು ಕಲಿತುಬಿಟ್ಟರೆ?
– ಹೊಸನಗರದ ಕಡೆಯ ಒಬ್ಬ ತಾಯಿ

ಈ ಪ್ರಶ್ನೆ ನನಗೆ ಹೊಸದಲ್ಲ. ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಒಂದಷ್ಟು ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳುತ್ತೇನೆ. ಮಕ್ಕಳನ್ನು ಕರೆದುಕೊಂಡು ಹೋಗಲು ಬಂದವರಲ್ಲಿ ಯಾರಾದರೊಬ್ಬರು ಚಪ್ಪಲಿ ಹಾಕಿಕೊಳ್ಳುತ್ತಾ ಇದನ್ನು ಕೇಳಿಯೇ ಕೇಳುತ್ತಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಕೂತು ಹೇಳುತ್ತೇನೆ.

ಮೊದಲು ಒಂದು ತಿದ್ದುಪಡಿ. ಹಳೆ ಕಥೆ ಅಂದರೆ ಶಿಕ್ಷೆ, ಹೊಸ ಕಥೆ ಅಂದರೆ ಕ್ಷಮೆ ಅನ್ನುವ ಲೆಕ್ಕ ಸರಿ ಬರುವುದಿಲ್ಲ. ಸಿಂಡರೆಲಾಳನ್ನೇ ತಗೊಳ್ಳಿ. ಫ್ರಾನ್ಸಿನ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕಥೆಯಲ್ಲಿ ಅವಳು ತನ್ನನ್ನು ಗೋಳು ಹೊಯ್ದುಕೊಂಡ ಅಕ್ಕಂದಿರನ್ನು ತಬ್ಬಿಕೊಂಡು ಕ್ಷಮಿಸುತ್ತಾಳೆ. ಅಷ್ಟೇ ಅಲ್ಲ, ಅರಮನೆಗೆ ಕರೆಸಿಕೊಂಡು ಇಬ್ಬರಿಗೂ ಒಳ್ಳೆ ಕಡೆ ಮದುವೆ ಮಾಡಿಸುತ್ತಾಳೆ. ನೂರು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ಜರ್ಮನಿಯ ಗ್ರಿಮ್ ಸೋದರರು ಅದೇ ಹುಡುಗಿಯ ಕಥೆ ಹೇಳಿದರು. 1812ರ ಮೊದಲ ಮುದ್ರಣದಲ್ಲಿ ಅಕ್ಕಂದಿರ ಕಣ್ಣು ಹೋಗುವ ಮಾತಿಲ್ಲ. 1819ರ ಮುದ್ರಣಕ್ಕೆ ಬರುವಾಗ ಪಾರಿವಾಳಗಳು ಬಂದು ಅವರ ಕಣ್ಣು ಕುಕ್ಕಿ ತೆಗೆಯುತ್ತವೆ! ಹೊಸದಾಗುತ್ತಾ ಹೋದ ಹಾಗೆ ಕಥೆ ಮೆತ್ತಗಾಗಲಿಲ್ಲ, ಖಾರವಾಯಿತು. ಅದೇ ಗ್ರಿಮ್ ಪುಸ್ತಕದಲ್ಲಿ ಹಿಮಬಿಳುಪಿಯ (ಸ್ನೋ ವೈಟ್) ಶತ್ರು ರಾಣಿ ಕಾದು ಕೆಂಪಾದ ಕಬ್ಬಿಣದ ಪಾದರಕ್ಷೆ ತೊಟ್ಟು ಕುಣಿದು ಕುಣಿದು ಸಾಯುತ್ತಾಳೆ. ಇದನ್ನು ಮಕ್ಕಳಿಗೆ ಹೇಳಿದರೆ ಹೆದರುತ್ತಾರೆ ಅಂದುಕೊಂಡಿದ್ದೆ. ಇಲ್ಲ. "ಇನ್ನೊಂದ್ಸಲ ಹೇಳಿ" ಅಂತಾರೆ.

ಕೆಟ್ಟವರ ಒಳಗೆ ಇಣುಕಿ ನೋಡುವುದೂ ಹೊರಗಿನಿಂದ ಬಂದ ಹೊಸ ಫ್ಯಾಷನ್ ಅಲ್ಲ. 2014ರಲ್ಲಿ 'ಮ್ಯಾಲೆಫಿಸೆಂಟ್' ಸಿನಿಮಾ ಬಂದಾಗ, 'ಸ್ಲೀಪಿಂಗ್ ಬ್ಯೂಟಿ'ಯಲ್ಲಿ ರಾಜಕುಮಾರಿಗೆ ಶಾಪ ಕೊಟ್ಟವಳ ಕಡೆಯಿಂದ ಕಥೆ ಹೇಳಿದ್ದಾರೆ ಅಂತ ಎಲ್ಲರೂ ಬೆರಗಾದರು. ನಮ್ಮ ತೀರ್ಥಹಳ್ಳಿಯ ಕುಪ್ಪಳಿಯಲ್ಲಿ ಬೆಳೆದ ಕವಿ ಅದಕ್ಕೆ ಎಷ್ಟೋ ಮೊದಲೇ ಮಂಥರೆಗೆ ಈ ಕೆಲಸ ಮಾಡಿದ್ದರು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಮಂಥರೆಯ ಭಾಗದ ಹೆಸರೇ 'ಮಮತೆಯ ಸುಳಿ ಮಂಥರೆ'. ಅವಳು ಹಾಗೆ ಮಾಡಿದ್ದು ಹೊಟ್ಟೆಕಿಚ್ಚಿನಿಂದಲ್ಲ, ಸುಳಿಯ ಹಾಗೆ ಎಳೆದುಕೊಂಡ ಪ್ರೀತಿಯಿಂದ. ಕೊನೆಗೆ ರಾವಣನಿಗೂ ಅಲ್ಲಿ ಮನಸ್ಸು ತಿರುಗುತ್ತದೆ. ಪಾಪಿಗೂ ಉದ್ಧಾರ ಇದೆ ಅನ್ನುವುದು ಆ ಕಾವ್ಯದ ದೊಡ್ಡ ಮಾತು. ನಮ್ಮ ಮನೆ ಅಂಗಳದಲ್ಲೇ ಇರುವುದನ್ನು ಹಾಲಿವುಡ್ಡಿನ ಲೆಕ್ಕಕ್ಕೆ ಬರೆಯುವುದು ಬೇಡ, ಅಲ್ವಾ?

ಹಾಗಾದರೆ ನಿಮ್ಮ ಮಗಳಿಗೆ ಇರುಸುಮುರುಸು ಆದದ್ದು ಯಾಕೆ? ಅವಳು ಕೇಳಿದ್ದು ಕ್ಷಮೆ ಯಾಕೆ ಅಂತಲ್ಲ. "ಏನೂ ಮಾಡ್ಲೇ ಇಲ್ವಾ" ಅಂತ. ಅದು ಬೇರೆ ಪ್ರಶ್ನೆ.

ನಮ್ಮ ಕಡೆ ಇದಕ್ಕೊಂದು ಮಾತಿದೆ: ತಪ್ಪು ಕಾಣಿಕೆ. ಹರಕೆ ಮರೆತುಹೋಯಿತು, ಇಲ್ಲಾ ಮಾಡಬಾರದ್ದು ಮಾಡಿಬಿಟ್ಟಿರಿ ಅನ್ನಿ. ದೇವರ ಮುಂದೆ ನಿಂತು 'ತಪ್ಪಾಯ್ತು' ಅಂತ ಒಪ್ಪಿಕೊಂಡು ಕಾಣಿಕೆ ಹಾಕಬೇಕು. ಎಷ್ಟು ಹಾಕಿದಿರಿ ಅನ್ನುವುದು ದೊಡ್ಡದಲ್ಲ, ಒಂದು ರೂಪಾಯಿಯಾದರೂ ನಡೆಯುತ್ತದೆ. ಆದರೆ ಬಾಯಿಬಿಟ್ಟು ಹೇಳಬೇಕು, ಕೈಯಿಂದ ಏನಾದರೂ ಬಿಡಬೇಕು. ನಮ್ಮಲ್ಲಿ ಅಡಿಕೆ ತೋಟದ ಬೇಲಿಗೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಅಂತ ಬೋರ್ಡು ಹಾಕಿರುವುದನ್ನು ನೋಡಿರುತ್ತೀರಿ. ಕದಿಯಲು ಬಂದವನಿಗೆ ಆ ಬೋರ್ಡು, ಕದ್ದು ಮರುಗುವವನಿಗೆ ಕಾಣಿಕೆ ಡಬ್ಬಿ. ಎರಡೂ ಒಬ್ಬಳೇ ದೇವಿಯದ್ದು.

ನಮ್ಮಜ್ಜನಿಗೂ ಅವರ ತಮ್ಮನಿಗೂ ತೋಟದ ನೀರಿನ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು. ಎರಡು ಮನೆಯ ನಡುವೆ ಇದ್ದದ್ದು ಒಂದು ದಣಪೆ (ಬೇಲಿಯ ಗೇಟು) ಮಾತ್ರ. ಹನ್ನೊಂದು ವರ್ಷ ಯಾರೂ ಅದನ್ನು ದಾಟಲಿಲ್ಲ. ಒಂದು ರಾತ್ರಿ ನಮ್ಮಲ್ಲಿ ಅಡಿಕೆ ಸುಲಿಯುತ್ತಿದ್ದಾಗ ಚಿಕ್ಕಜ್ಜ ಬಂದರು. ಒಂದು ಮೆಟ್ಟುಗತ್ತಿ ಎಳೆದುಕೊಂಡು ಮೂಲೆಯಲ್ಲಿ ಕೂತು ಸುಲಿಯತೊಡಗಿದರು. ಅಜ್ಜ ತಲೆ ಎತ್ತಲಿಲ್ಲ. ಅಜ್ಜಿ ಎಲ್ಲರಿಗೂ ಕಷಾಯ ಕೊಡುವಾಗ ಅವರ ಮುಂದೆಯೂ ಒಂದು ಲೋಟ ಇಟ್ಟರು. ಏಳುವ ಹೊತ್ತಿಗೆ ಚಿಕ್ಕಜ್ಜ ಎರಡು ಡಬ್ಬ ಸುಲಿದಿದ್ದರು. ಮಾರನೇ ದಿನದಿಂದ ಮಾತು ಶುರುವಾಯಿತು. ಆದರೆ ನೀರಿನ ಸರದಿಯನ್ನು ಮಾತ್ರ ಅಜ್ಜ ಕಾಗದದ ಮೇಲೆ ಬರೆಸಿ, ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿಟ್ಟರು. ಕ್ಷಮಿಸಿದ್ದು ನಿಜ. ಕಾಗದವೂ ನಿಜ.

ಈ ಕಣ್ಣಿನಿಂದ ಈಗಿನ ಕಥೆಗಳನ್ನು ನೋಡಿ. 'ಮೋವಾನಾ' ಸಿನಿಮಾ (2016) ನಿಮ್ಮ ಮಗಳು ನೋಡಿರಬಹುದು. ಅದರಲ್ಲಿ ಮಾವಿ ಅನ್ನುವವನು ದೇವಿಯ ಹೃದಯವನ್ನೇ ಕದ್ದಿದ್ದಾನೆ. ಅದರಿಂದ ದ್ವೀಪಗಳು ಒಣಗುತ್ತಾ ಬಂದಿವೆ, ದೇವಿ ಬೆಂಕಿಯ ರಾಕ್ಷಸಿಯಾಗಿದ್ದಾಳೆ. ಕೊನೆಯಲ್ಲಿ ಅವಳು ಮಾವಿಯನ್ನು ಕ್ಷಮಿಸುತ್ತಾಳೆ. ಸುಮ್ನೆ ಅಲ್ಲ. ಅವನಿಗೆ ಜೀವಕ್ಕಿಂತ ಹೆಚ್ಚಾಗಿದ್ದ ಮಾಯದ ಗಾಳ, ಮೋವಾನಾಳನ್ನು ಕಾಪಾಡುವ ಹೋರಾಟದಲ್ಲಿ ಪುಡಿಯಾಗಿದೆ. ಹೋದೀತು ಅಂತ ಗೊತ್ತಿದ್ದೇ ಅವನು ವಾಪಸ್ಸು ಬಂದಿದ್ದ. ಬರಿಗೈಯಲ್ಲಿ ನಿಂತು ತಪ್ಪಾಯ್ತು ಅನ್ನುತ್ತಾನೆ. ಅದಾದ ಮೇಲೆ ದೇವಿ ಅವನಿಗೆ ಹೊಸ ಗಾಳ ಕೊಡುತ್ತಾಳೆ. ಅಂಗೈಯಲ್ಲಿ ಕಾಣಿಕೆ ಕಾಣುತ್ತದೆ, ಅಲ್ವಾ? ಈ ಕಥೆಗೆ ನಮ್ಮ ಜಗಲಿಯ ಯಾವ ಮಗುವೂ "ಏನೂ ಮಾಡ್ಲೇ ಇಲ್ವಾ" ಅಂದಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ ನಾನು ಹೇಳುವುದು ಕಟಾರಾಳ ಕಥೆ. 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಅನ್ನುವ ಕಾರ್ಟೂನ್ ಸರಣಿಯಲ್ಲಿ 2008ರಲ್ಲಿ ಬಂದ ಒಂದು ಕಂತು. ಕಟಾರಾಗೆ ನೀರನ್ನು ಆಡಿಸುವ ವಿದ್ಯೆ ಇದೆ. ತನ್ನ ಅಮ್ಮನನ್ನು ಕೊಂದವನನ್ನು ಹುಡುಕಿಕೊಂಡು ಹೋಗುತ್ತಾಳೆ. ಸಿಗುತ್ತಾನೆ. ಈಗ ಅವನು ಮುದುಕ. ಧೋ ಅಂತ ಮಳೆ ಸುರಿಯುತ್ತಿದೆ. ಅವಳು ಕೈ ಎತ್ತಿದರೆ ಮಳೆಯೇ ನಿಂತುಬಿಡುತ್ತದೆ, ನೀರು ಮಂಜಿನ ಚೂರಿಗಳಾಗಿ ಅವನತ್ತ ನುಗ್ಗುತ್ತದೆ. ಮಳೆಗಾಲದ ಸಂಜೆ, ಹೆಂಚಿನ ಮೇಲೆ ಸದ್ದು ಜೋರಾಗಿರುವಾಗ ಇದನ್ನು ಹೇಳಬೇಕು. ಮಕ್ಕಳು ಉಸಿರು ಹಿಡಿದು ಕೂರುತ್ತಾರೆ. ಚೂರಿಗಳು ಅವನ ಮುಖದ ಹತ್ತಿರ ನಿಲ್ಲುತ್ತವೆ. ಅವಳು ಕೊಲ್ಲುವುದಿಲ್ಲ.

ಹಾಗಂತ ಕ್ಷಮಿಸುವುದೂ ಇಲ್ಲ! ಅವನನ್ನು ಯಾವತ್ತೂ ಕ್ಷಮಿಸಲಾರೆ ಅಂತ ಹೇಳಿಯೇ ಹೇಳುತ್ತಾಳೆ. ಅವಳು ಕ್ಷಮಿಸುವುದು ಜುಕೋನನ್ನು. ಒಂದು ಕಾಲಕ್ಕೆ ಬೆನ್ನಟ್ಟಿ ಕಾಡಿದ್ದ, ಈಗ ದಾರಿ ಬದಲಿಸಿ ಅವಳ ಜೊತೆ ಬಂದಿರುವ ಹುಡುಗನನ್ನು. ಸೇಡು ಬಿಟ್ಟರೆ ಕ್ಷಮೆ, ಕ್ಷಮೆ ಬಿಟ್ಟರೆ ಸೇಡು ಅಂತ ನಾವು ಎರಡೇ ಬಾಗಿಲು ಇಟ್ಟುಕೊಂಡಿರುತ್ತೇವೆ. ಆ ಕಂತಿನಲ್ಲಿ ಮೂರನೆಯದೊಂದು ಇದೆ. ಕೈ ತಡೆದುಕೊಂಡಳು, ಮನಸ್ಸು ತೆರೆಯಲಿಲ್ಲ. ಮಕ್ಕಳಿಗೆ ಇದು ನಮಗಿಂತ ಬೇಗ ಅರ್ಥವಾಗುತ್ತದೆ. "ಅವನ ಜೊತೆ ಟೂ ಬಿಟ್ಟಿದ್ದಾಳೆ, ಅಷ್ಟೆ" ಅಂದಿದ್ದ ಒಬ್ಬ.

ಕಾಣಿಕೆಯ ಲೆಕ್ಕಕ್ಕೆ ಸಿಗದ ಕಥೆಯೂ ಇದೆ, ಒಪ್ಪಿಕೊಳ್ಳುತ್ತೇನೆ. 1954-55ರಲ್ಲಿ ಬಂದ 'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯಲ್ಲಿ, ಕೇಡಿನ ಉಂಗುರವೊಂದನ್ನು ಬೆಂಕಿಗೆ ಹಾಕಿ ನಾಶ ಮಾಡಲು ಹೊರಟ ಫ್ರೋಡೋ, ಆ ಉಂಗುರದ ಆಸೆಗೆ ಬೆನ್ನು ಹತ್ತಿದ ಗೊಲ್ಲಮ್‌ನನ್ನು ಕೊಲ್ಲದೆ ಬಿಡುತ್ತಾನೆ. ಗೊಲ್ಲಮ್ ತಪ್ಪು ಒಪ್ಪಿಕೊಂಡವನಲ್ಲ. ಮುಂದೆ ಮೋಸವನ್ನೂ ಮಾಡುತ್ತಾನೆ. ಆದರೆ ಕೊನೆಗೆ ಉಂಗುರವನ್ನು ಬೆಂಕಿಗೆ ಎಸೆಯಬೇಕಾದ ಜಾಗದಲ್ಲಿ ಫ್ರೋಡೋನೇ ಸೋಲುತ್ತಾನೆ. ಕೊಡಲ್ಲ, ಇದು ನನ್ನದು ಅನ್ನುತ್ತಾನೆ. ಆಗ ಉಂಗುರದ ಆಸೆಗೆ ಮೇಲೆ ಬಿದ್ದ ಗೊಲ್ಲಮ್ ಅದರ ಸಮೇತ ಬೆಂಕಿಗೆ ಉರುಳುತ್ತಾನೆ, ಲೋಕ ಉಳಿಯುತ್ತದೆ. ಕನಿಕರ ತೋರಿಸಿದವನಿಗೇ ಕೊನೆಗೆ ಕನಿಕರ ಬೇಕಾಯಿತು. ಏಳು ವರ್ಷಕ್ಕೆ ಇದು ಬೇಡ. ಹನ್ನೆರಡು ದಾಟಲಿ.

ನನಗೆ ಸಿಟ್ಟು ಬರುವುದು ಬೇರೆ ಜಾತಿಯ ಕಥೆಗೆ. ಮಾಟಗಾತಿ ಊರನ್ನೇ ಕಲ್ಲು ಮಾಡಿರುತ್ತಾಳೆ. ಕೊನೆಯ ಹತ್ತು ನಿಮಿಷದಲ್ಲಿ ಅವಳ ಬಾಲ್ಯದ ಕಷ್ಟ ತೋರಿಸಿ, ಒಂದು ಹಾಡು ಹಾಡಿಸಿ, ಎಲ್ಲರೂ ತಬ್ಬಿಕೊಳ್ಳುತ್ತಾರೆ. ಕಲ್ಲಾಗಿದ್ದವರನ್ನು ಯಾರೂ ಒಂದು ಮಾತೂ ಕೇಳುವುದಿಲ್ಲ. ಅವರ ಪರವಾಗಿ ಕಥೆಗಾರನೇ ಕ್ಷಮಿಸಿ ಕೈ ತೊಳೆದುಕೊಂಡಿರುತ್ತಾನೆ. ಇನ್ನೊಬ್ಬರ ತೋಟದ ಅಡಿಕೆಯನ್ನು ದಾನ ಮಾಡಿದ ಹಾಗೆ. ನಿಮ್ಮ ಮಗಳು ನೋಡಿದ್ದು ಇಂಥದ್ದೇ ಇರಬೇಕು. ಅವಳಿಗೆ ಅನಿಸಿದ್ದು ಸರಿಯಾಗಿಯೇ ಇದೆ.

ಅವಳಿಗೆ ಏನು ಹೇಳೋದು ಅಂದಿರಿ. ಹೇಳುವುದಕ್ಕಿಂತ ಕೇಳಿ. ಯಾರಿಗೆ ನೋವಾಯಿತು? ಕ್ಷಮಿಸಿದ್ದು ಅವರೇನಾ, ಬೇರೆಯವರಾ? ಮಾಟಗಾತಿ ಏನು ಬಿಟ್ಟುಕೊಟ್ಟಳು? "ಏನೂ ಇಲ್ಲ" ಅಂತ ಮಗಳು ಅಂದರೆ, ಏನು ಬಿಡಬೇಕಿತ್ತು ಅಂತ ಅವಳೇ ಕಥೆ ಮುಂದುವರಿಸಲಿ. ಒಂದು ಮಾತ್ರ ಮಾಡಬೇಡಿ. ಕಥೆ ಮುಗಿದ ಕೂಡಲೇ "ನೋಡು, ನೀನೂ ಹಾಗೇ ತಮ್ಮನ ಜೊತೆ ರಾಜಿ ಆಗು" ಅನ್ನಬೇಡಿ. ಮುಂದಿನ ಸಲ ಅವಳು ಕಥೆ ಕೇಳಲು ಬರುವುದಿಲ್ಲ.

ಹೋದ ವಾರ ಪುಣ್ಯಕೋಟಿ ಹೇಳಿದೆ. ಕೊಟ್ಟ ಮಾತಿಗೆ ಹಸು ವಾಪಸ್ಸು ಬಂದದ್ದನ್ನು ನೋಡಿ ನಾಚಿದ ಹುಲಿ ಪ್ರಾಣ ಬಿಡುವಲ್ಲಿಗೆ ನಾವೆಲ್ಲ ಗಂಟಲು ಕಟ್ಟಿ ನಿಲ್ಲಿಸುತ್ತೇವಲ್ಲ, ಅಲ್ಲಿ ಒಬ್ಬಳು ಕೈ ಎತ್ತಿದಳು. ಪುಣ್ಯಕೋಟಿ ಸಾಯಿ ಅಂತ ಹೇಳಲೇ ಇಲ್ಲವಲ್ಲ, ಹುಲಿ ಯಾಕೆ ಸಾಯಬೇಕು ಅಂತ. ಹೌದಲ್ಲ! ಇಷ್ಟು ವರ್ಷ ಹಾಡಿದರೂ ನನಗೆ ಹೊಳೆದಿರಲಿಲ್ಲ. ಹಾಗಾದರೆ ಏನಾಗಬೇಕು ಅಂತ ಕೇಳಿದೆ. ಅವಳು ಯೋಚಿಸಿ ಹೇಳಿದಳು: "ಬದುಕಲಿ. ಆದ್ರೆ ಆಚೆ ಗುಡ್ಡಕ್ಕೆ ಹೋಗಿ ಇರ್ಲಿ. ಕೊಟ್ಟಿಗೆ ಕಡೆ ಬರೋದು ಬೇಡ."

ಪಕ್ಕದಲ್ಲಿದ್ದ ಚಿಕ್ಕವನಿಗೆ ಸಮಾಧಾನವಾಗಲಿಲ್ಲ. "ಆಚೆ ಗುಡ್ಡದಲ್ಲಿ ಅದು ಏನು ತಿನ್ನತ್ತೆ?"

ಅಷ್ಟರಲ್ಲಿ ಅವನ ಅಪ್ಪ ಬಂದು ಗೇಟಿನ ಹತ್ತಿರ ಹಾರನ್ ಹೊಡೆದರು.