ಅಕ್ವೇರಿಯಂಗೆ ಎಲ್‌ಇಡಿ ಬೆಳದಿಂಗಳು: ಉಳಿಕೆ ವೋಲ್ಟೇಜಿನ ಲೆಕ್ಕ

ಎಲ್‌ಇಡಿಯಲ್ಲಿ ಪ್ರವಾಹ ಮಿತಿ ಮೀರದಂತೆ ತಡೆಯುವ ರೆಸಿಸ್ಟರ್‌ನ ಲೆಕ್ಕ ಈಗಷ್ಟೇ ತಲೆಗೆ ಹತ್ತಿದೆ. ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ಮೀನಿನ ತೊಟ್ಟಿಗೆ ಮೊದಲ ಸಲ ಬೆಳದಿಂಗಳ ದೀಪ (ರಾತ್ರಿ ಮಂದವಾಗಿ ಉರಿಯುವ ದೀಪ) ಕಟ್ಟಲು ಹೊರಟವರಿಗೂ ಉಪಯೋಗಕ್ಕೆ ಬರಲಿ. ವೈರ್ ಸುಲಿಯುವುದು, ಸೋಲ್ಡರ್ ಮಾಡುವುದು ಗೊತ್ತಿದೆ ಎಂದುಕೊಂಡೇ ಮುಂದೆ ಹೋಗುತ್ತೇನೆ.

ಸಾಮಾನು ಕಡಿಮೆ. 12 ವೋಲ್ಟ್ ಡಿಸಿ ಅಡಾಪ್ಟರ್, 5 ಮಿ.ಮೀ. ಗಾತ್ರದ ಮೂರು ನೀಲಿ ಎಲ್‌ಇಡಿ, ಕಾಲು ವ್ಯಾಟಿನ ರೆಸಿಸ್ಟರ್, ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಕೊಳವೆ), ಟೈಮರ್. ಮಲ್ಟಿಮೀಟರ್ ಮಾತ್ರ ಇರಲೇಬೇಕು, ಕಾರಣ ಮುಂದೆ ಬರುತ್ತದೆ.

600 ಯಾಕಲ್ಲ, 120 ಯಾಕೆ?

ಓಮನ ನಿಯಮ ಶಾಲೆಯಲ್ಲೇ ಕಲಿತದ್ದು: ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ರೋಧ. ಅಡಾಪ್ಟರ್ 12 ವೋಲ್ಟ್, ಎಲ್‌ಇಡಿಗೆ 20 ಮಿಲಿ ಆಂಪಿಯರ್, ಅಂದರೆ 0.02 ಆಂಪಿಯರ್. 12 ÷ 0.02 = 600 ಓಮ್ ಆಗಬೇಕಲ್ಲ? ಆದರೆ ಮೂರು ನೀಲಿ ಎಲ್‌ಇಡಿಯ ಸಾಲಿಗೆ ಎಲ್ಲರೂ ಹೇಳುವುದು 120 ಓಮ್. ಈ 120 ಎಲ್ಲಿಂದ ಬಂತು ಎಂಬಲ್ಲೇ ನಾನು ತುಂಬ ಹೊತ್ತು ಸಿಕ್ಕಿಕೊಂಡಿದ್ದೆ.

ಗಂಟು ಬಿಚ್ಚಿದ್ದು ಹೀಗೆ. ಓಮನ ನಿಯಮವನ್ನು ಇಲ್ಲಿ ಹಚ್ಚಬೇಕಾದದ್ದು ರೆಸಿಸ್ಟರ್‌ಗೆ ಮಾತ್ರ, ಇಡೀ ಸಾಲಿಗಲ್ಲ. ರೆಸಿಸ್ಟರ್‌ನ ಎರಡು ತುದಿಗಳ ನಡುವೆ 12 ವೋಲ್ಟ್ ಇರುವುದೇ ಇಲ್ಲ. ಉರಿಯುವ ಪ್ರತಿ ನೀಲಿ ಎಲ್‌ಇಡಿ ಸುಮಾರು 3.2 ವೋಲ್ಟನ್ನು ತನ್ನ ಪಾಲಿಗೆ ಹಿಡಿದುಕೊಳ್ಳುತ್ತದೆ. ಸರಣಿಯಲ್ಲಿ ಮೂರಿದ್ದರೆ 9.6 ವೋಲ್ಟ್ ಅಲ್ಲೇ ಖರ್ಚಾಯಿತು. 12ರಲ್ಲಿ 9.6 ಕಳೆದರೆ ಉಳಿಯುವುದು 2.4. ರೆಸಿಸ್ಟರ್ ಪಾಲಿಗೆ ಬರುವುದು ಈ ಉಳಿಕೆ ಅಷ್ಟೇ. 2.4 ÷ 0.02 = 120 ಓಮ್.

ಹಾಗಾದರೆ ಮೂರು ಎಲ್‌ಇಡಿಗೆ 60 ಮಿಲಿ ಆಂಪಿಯರ್ ಬೇಡವೇ? ಬೇಡ. ಸರಣಿಯಲ್ಲಿ ಪ್ರವಾಹಕ್ಕೆ ಇರುವುದು ಒಂದೇ ದಾರಿ, ಮೊದಲನೆಯದರಲ್ಲಿ ಹರಿದ 20 ಮಿಲಿ ಆಂಪಿಯರ್ರೇ ಮೂರನೆಯದರಲ್ಲೂ ಹರಿಯುತ್ತದೆ. ಸರಣಿಯಲ್ಲಿ ಕೂಡುವುದು ವೋಲ್ಟೇಜು, ಸಮಾಂತರದಲ್ಲಿ ಕೂಡುವುದು ಪ್ರವಾಹ. ಈ ಸಾಲನ್ನು ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಂಡಿದ್ದೇನೆ.

ನಾಲ್ಕು ಹಾಕಿದರೆ? 3.2ನ್ನು ನಾಲ್ಕರಿಂದ ಗುಣಿಸಿದರೆ 12.8, ಅಡಾಪ್ಟರ್ ಕೊಡುವುದಕ್ಕಿಂತ ಹೆಚ್ಚು. ಉರಿದರೂ ಮಂಕಾಗಿ ಉರಿಯುತ್ತವೆ, ಪ್ರವಾಹ ಎಷ್ಟೆಂಬುದು ನಮ್ಮ ಹಿಡಿತದಲ್ಲಿರುವುದಿಲ್ಲ.

ಉಳಿಕೆ ಕಡಿಮೆಯಾದಷ್ಟೂ ದೀಪ ಸೂಕ್ಷ್ಮ

ರೆಸಿಸ್ಟರ್‌ಗೆ ಹೋಗುವ ವೋಲ್ಟೇಜು ವ್ಯರ್ಥ, ಅದು ಕಡಿಮೆಯಿದ್ದಷ್ಟೂ ಒಳ್ಳೆಯದು ಎನ್ನಿಸುವುದು ಸಹಜ. ಲೆಕ್ಕ ಬೇರೆಯೇ ಹೇಳುತ್ತದೆ. ಅಡಾಪ್ಟರ್ 12ರ ಬದಲು 12.5 ವೋಲ್ಟ್ ಕೊಟ್ಟಿತು ಎನ್ನಿ. ಮೂರರ ಸಾಲಿನಲ್ಲಿ ಉಳಿಕೆ 2.4ರಿಂದ 2.9ಕ್ಕೆ ಏರುತ್ತದೆ, ಪ್ರವಾಹ 20ರಿಂದ 24 ಮಿಲಿ ಆಂಪಿಯರ್‌ಗೆ. ಅಡಾಪ್ಟರ್ ಏರಿದ್ದು ನೂರಕ್ಕೆ ನಾಲ್ಕರಷ್ಟು, ಪ್ರವಾಹ ಏರಿದ್ದು ನೂರಕ್ಕೆ ಇಪ್ಪತ್ತರಷ್ಟು! ಎರಡೇ ಎಲ್‌ಇಡಿಗೆ 270 ಓಮ್ ಹಾಕಿದ್ದರೆ ಉಳಿಕೆ 5.6 ವೋಲ್ಟ್, ಅದೇ ಏರಿಕೆಗೆ ಪ್ರವಾಹ 21ರ ಹತ್ತಿರದಿಂದ 22.6ಕ್ಕೆ ಹೋಗಿ ನಿಲ್ಲುತ್ತದೆ.

ಮಲ್ಟಿಮೀಟರ್ ಬೇಕೇ ಬೇಕು ಎಂದದ್ದು ಇದಕ್ಕೇ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಭಾರದ ಅಡಾಪ್ಟರ್‌ಗಳಲ್ಲಿ ಹಲವಕ್ಕೆ ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಇರುವುದಿಲ್ಲ. ಮೈಮೇಲೆ 12 ಎಂದು ಬರೆದಿದ್ದರೂ ಹೊರೆ ಕಡಿಮೆಯಿದ್ದಾಗ 15, 16 ವೋಲ್ಟ್ ಕೊಡಬಲ್ಲವು. 15 ವೋಲ್ಟಿಗೆ ನಮ್ಮ 120 ಓಮಿನ ಸಾಲಿನಲ್ಲಿ ಪ್ರವಾಹ 40 ಮಿಲಿ ಆಂಪಿಯರ್ ಆಸುಪಾಸಿಗೆ ಹೋಗುತ್ತದೆ, 5 ಮಿ.ಮೀ. ಎಲ್‌ಇಡಿ ಅದನ್ನು ಬಹಳ ದಿನ ತಾಳುವುದಿಲ್ಲ. ಮೊದಲು ಅಡಾಪ್ಟರ್ ಅಳೆಯಿರಿ, ಆಮೇಲೆ ಲೆಕ್ಕ ಹಾಕಿ.

ದೊಡ್ಡ ತೊಟ್ಟಿಗೆ ಎರಡು ಸಾಲು ಬೇಕಿದ್ದರೆ ಪ್ರತಿ ಸಾಲಿಗೂ ಅದರದೇ ರೆಸಿಸ್ಟರ್ ಇರಲಿ. ಎರಡಕ್ಕೂ ಸೇರಿ ಒಂದೇ ಹಾಕಿದರೆ, ಸ್ವಲ್ಪ ಕಡಿಮೆ ವೋಲ್ಟೇಜಿಗೆ ಉರಿಯುವ ಸಾಲು ಹೆಚ್ಚು ಪ್ರವಾಹ ಎಳೆದುಕೊಂಡು ಬಿಸಿಯಾಗುತ್ತದೆ. ಬಿಸಿಯಾದ ಎಲ್‌ಇಡಿಗೆ ಬೇಕಾದ ವೋಲ್ಟೇಜು ಇನ್ನಷ್ಟು ಇಳಿಯುತ್ತದೆ, ಅದು ಮತ್ತಷ್ಟು ಎಳೆಯುತ್ತದೆ.

ನನಗೆ ತುಂಬ ಹಿಡಿಸಿದ ಅಡ್ಡದಾರಿ

ಪ್ರವಾಹ ಅಳೆಯಲು ವೈರ್ ಕತ್ತರಿಸಿ ನಡುವೆ ಮೀಟರ್ ಸೇರಿಸಬೇಕಿಲ್ಲ. ದೀಪ ಉರಿಯುತ್ತಿರುವಾಗಲೇ ರೆಸಿಸ್ಟರ್‌ನ ಎರಡು ಕಾಲಿಗೆ ಮೀಟರ್ ಮುಟ್ಟಿಸಿ ಡಿಸಿ ವೋಲ್ಟೇಜು ಓದಿ, ಓಮಿನಿಂದ ಭಾಗಿಸಿ. 470 ಓಮಿನ ಮೇಲೆ 3.3 ವೋಲ್ಟ್ ತೋರಿಸಿದರೆ ಸಾಲಿನಲ್ಲಿ ಹರಿಯುತ್ತಿರುವುದು 7 ಮಿಲಿ ಆಂಪಿಯರ್. ಎಲ್‌ಇಡಿ ನಿಜವಾಗಿ ಎಷ್ಟು ವೋಲ್ಟ್ ಹಿಡಿದಿದೆ ಎಂಬ ಅಂದಾಜೂ ಬೇಡ. ಇದನ್ನು ಮಾಡಿ ನೋಡಿದರೆ ಮೇಲಿನ ‘ಉಳಿಕೆ’ಯ ಮಾತು ಕಣ್ಣೆದುರೇ ಅಂಕಿಯಾಗಿ ನಿಲ್ಲುತ್ತದೆ.

470ರ ಉದಾಹರಣೆ ಸುಮ್ಮನೆ ಕೊಟ್ಟಿಲ್ಲ. ಬೆಳದಿಂಗಳಿಗೆ 20 ಮಿಲಿ ಆಂಪಿಯರ್ ನನ್ನ ಪ್ರಕಾರ ಅತಿ. ಹುಣ್ಣಿಮೆಯ ಬೆಳಕೇ ನೆಲದ ಮೇಲೆ 0.1ರಿಂದ 0.3 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ). ಅದರೆದುರು ಮೂರು ನೀಲಿ ಎಲ್‌ಇಡಿ ಪೂರ್ತಿ ಉರಿದರೆ ಮೀನಿಗೆ ಅದು ರಾತ್ರಿಯಾಗಿ ಉಳಿಯುವುದಿಲ್ಲ. 120ರ ಜಾಗಕ್ಕೆ 470 ಹಾಕಿ (ರೆಸಿಸ್ಟರ್ ಮೈಮೇಲಿನ ಬಣ್ಣದ ಪಟ್ಟಿಗಳು ಹಳದಿ, ನೇರಳೆ, ಕಂದು), ಇನ್ನೂ ಹೆಚ್ಚೆನಿಸಿದರೆ 1,000 ಓಮ್. ರೆಸಿಸ್ಟರ್ ದೊಡ್ಡದಾದರೆ ಎಲ್‌ಇಡಿಗೆ ಅಪಾಯವಿಲ್ಲ, ಬೆಳಕು ಇಳಿಯುತ್ತದೆ ಅಷ್ಟೆ.

ಬಣ್ಣದ ಬಗ್ಗೆ ಒಂದು ಮಾತು. ಚಂದ್ರನ ಬೆಳಕು ನೀಲಿಯಲ್ಲ, ಪ್ರತಿಫಲಿಸಿದ ಬಿಸಿಲೇ ಅದು. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪಿಗಿಂತ ನೀಲಿ, ಹಸಿರನ್ನು ಚೆನ್ನಾಗಿ ಗ್ರಹಿಸುವುದರಿಂದ ಹಾಗೆ ಕಾಣುತ್ತದೆ. ಹಾಗಾಗಿ ಎರಡು ನೀಲಿಯ ಜೊತೆ ಒಂದು ಬಿಳಿ ಎಲ್‌ಇಡಿ ಸೇರಿಸಿದರೂ ತಪ್ಪಿಲ್ಲ. ಬಿಳಿಯೂ 3.2 ವೋಲ್ಟಿನ ಆಸುಪಾಸಿನದೇ, ಲೆಕ್ಕ ಬದಲಾಗುವುದಿಲ್ಲ.

ಜೋಡಿಸುವಾಗ

ಎಲ್‌ಇಡಿಯ ಉದ್ದ ಕಾಲು ಧನ. ಕಾಲು ಕತ್ತರಿಸಿದ ಮೇಲೆ ಗುರುತು ತಪ್ಪಿದರೆ ಬುಡದ ಅಂಚನ್ನು ಉಗುರಿನಿಂದ ಸವರಿ, ಒಂದು ಕಡೆ ಚಪ್ಪಟೆಯಾಗಿರುತ್ತದೆ. ಅದು ಋಣ. ಬೆಸುಗೆ ಹಾಕುವ ಮೊದಲೇ ಟ್ಯೂಬ್ ತುಂಡನ್ನು ವೈರಿಗೆ ಪೋಣಿಸಿಡಿ. ಬೆಸುಗೆಯ ಮೇಲೆ ಸಿಲಿಕೋನ್ ಹಚ್ಚುವುದಾದರೆ ವಿನೆಗರ್ ವಾಸನೆಯದು ಬೇಡ. ಗಾಜು ಅಂಟಿಸಲು ಅದು ಸರಿ, ಆದರೆ ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಎಪಾಕ್ಸಿ ಸಾಕು.

ದೀಪವನ್ನು ಮುಚ್ಚಳದ ಗಾಜಿನ ಮೇಲೆ ಕೂರಿಸಿ, ನೀರಿಗೆ ಇಳಿಸಬೇಡಿ. ದೊಡ್ಡ ದೀಪ ಆರಿದ ಮೇಲೆ ಎರಡು ಮೂರು ಗಂಟೆ ಉರಿಯುವಂತೆ ಟೈಮರ್ ಇಡಿ, ಆಮೇಲೆ ಪೂರ್ತಿ ಕತ್ತಲು ಇರಲಿ. ಅಡಾಪ್ಟರ್‌ಗೆ ಹೋಗುವ ವೈರನ್ನು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಬಾಗಿಸಿ ಮೇಲಕ್ಕೆ ಒಯ್ಯಿರಿ. ವೈರಿನ ಮೇಲೆ ಜಾರಿ ಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ಗಿನವರೆಗೆ ಹೋಗುವುದಿಲ್ಲ.