ಪದ ಪರಿಚಯ: ಪ್ರೀಕಾಸ್ಟ್ ಮನೆ

ಕಾರ್ಖಾನೆಯಲ್ಲಿ ಅಚ್ಚಿನೊಳಗೆ ಕಂಬಿ ಕಟ್ಟಿ, ಕಾಂಕ್ರೀಟ್ ಸುರಿದು, ಗಟ್ಟಿಯಾದ ಮೇಲೆ ಹೊರತೆಗೆದ ಗೋಡೆ, ಚಾವಣಿ, ಮೆಟ್ಟಿಲುಗಳನ್ನು ಲಾರಿಯಲ್ಲಿ ನಿವೇಶನಕ್ಕೆ ತಂದು, ಕ್ರೇನಿನಿಂದ ಎತ್ತಿ ಜೋಡಿಸಿದರೆ ಅದು ಪ್ರೀಕಾಸ್ಟ್ ಮನೆ. ಪ್ರೀಫ್ಯಾಬ್, ಅಂದರೆ ಭಾಗಗಳನ್ನು ಬೇರೆಡೆ ಮೊದಲೇ ತಯಾರಿಸಿ ತಂದು ಜೋಡಿಸುವುದು, ಎನ್ನುವುದರ ವ್ಯಾಪ್ತಿ ಇದಕ್ಕಿಂತ ದೊಡ್ಡದು. ಉಕ್ಕಿನ ಚೌಕಟ್ಟಿಗೆ ತೆಳು ಹಲಗೆ ಹೊದಿಸಿದ ಮನೆ, ಮರದ ಮನೆ, ಕಂಟೇನರ್ ಮನೆ ಎಲ್ಲವೂ ಪ್ರೀಫ್ಯಾಬ್ ಲೆಕ್ಕಕ್ಕೆ ಬರುತ್ತವೆ. ಮಾರುವವರು ಎರಡನ್ನೂ ಬೆರೆಸಿ ಹೇಳುವುದುಂಟು. ಹಾಗಾಗಿ ಗೋಡೆ ಯಾವುದರದ್ದು, ಎಷ್ಟು ದಪ್ಪ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ಇಟ್ಟಿಗೆ ಮನೆಯ ಜೊತೆ ಹೋಲಿಸುವಾಗಲೂ ಒಂದು ತೊಡಕಿದೆ. ಇಟ್ಟಿಗೆ ಮನೆ ಎಂದು ನಾವು ಕರೆಯುವುದರಲ್ಲಿ ಎರಡು ಬಗೆ. ಹಳೆಯ ಬಗೆಯಲ್ಲಿ ಚಾವಣಿಯ ಭಾರ ಹೊರುವುದು ಇಟ್ಟಿಗೆಯ ಗೋಡೆಯೇ. ಇನ್ನೊಂದರಲ್ಲಿ ಕಾಂಕ್ರೀಟಿನ ಕಾಲಂ ಮತ್ತು ಬೀಮ್ ಭಾರ ಹೊರುತ್ತವೆ, ಇಟ್ಟಿಗೆ ಬರೀ ನಡುವಿನ ಜಾಗ ತುಂಬುತ್ತದೆ. ಪ್ರೀಕಾಸ್ಟ್ ಪ್ಯಾನೆಲ್, ಅಂದರೆ ಅಚ್ಚಿನಲ್ಲಿ ಎರಕ ಹೊಯ್ದ ಗೋಡೆಯ ಹಲಗೆ, ಬಳಸಿದ ಮನೆಯಲ್ಲಿ ಸಾಮಾನ್ಯವಾಗಿ ಗೋಡೆಯೇ ಕಂಬದ ಕೆಲಸ ಮಾಡುತ್ತದೆ. ಮೂರು ಮೀಟರ್ ಉದ್ದ, ಮೂರು ಮೀಟರ್ ಎತ್ತರ, 150 ಮಿಲಿಮೀಟರ್ ದಪ್ಪದ ಒಂದು ಪ್ಯಾನೆಲ್ ಮೂರು ಟನ್ನಿಗೂ ಹೆಚ್ಚು ತೂಗುತ್ತದೆ. ಅಂಥವನ್ನು ಒಂದರ ಪಕ್ಕ ಒಂದು, ಒಂದರ ಮೇಲೊಂದು ನಿಲ್ಲಿಸಿ ಹಿಡಿದಿಡುವುದು ಜಾಯಿಂಟ್. ಪ್ರೀಕಾಸ್ಟ್ ಬಗ್ಗೆ ಒಂದೇ ಒಂದು ವಿಷಯ ಕಲಿಯಲು ಸಮಯವಿದ್ದರೆ ಈ ಜಾಯಿಂಟಿನ ಬಗ್ಗೆ ಕಲಿಯಿರಿ ಎಂದು ನಾನು ಹೇಳುತ್ತೇನೆ.

ಇಟ್ಟಿಗೆಯ ಗೋಡೆಯಲ್ಲಿ ಸಾವಿರಾರು ಸಂದುಗಳಿರುತ್ತವೆ. ಎಲ್ಲೋ ನಾಲ್ಕು ಕಡೆ ಗಾರೆ ಸರಿಯಾಗಿ ತುಂಬದಿದ್ದರೂ ಉಳಿದವು ಆ ಭಾರವನ್ನು ಹಂಚಿಕೊಳ್ಳುತ್ತವೆ. ಪ್ಯಾನೆಲ್ ಮನೆಯಲ್ಲಿ ಜಾಯಿಂಟುಗಳು ಕೆಲವೇ, ಒಂದೊಂದರ ಮೇಲೂ ಬೀಳುವ ಹೊಣೆ ದೊಡ್ಡದು. ಒಂದು ಪ್ಯಾನೆಲಿನಿಂದ ಹೊರಚಾಚಿದ ಕಂಬಿ ಇನ್ನೊಂದರ ಕುಳಿಯೊಳಗೆ ಕೂರಬೇಕು, ಆ ಕುಳಿಗೆ ಕುಗ್ಗದಂಥ ಗ್ರೌಟ್ (ಸುರಿಯುವಷ್ಟು ತೆಳುವಾದ ಸಿಮೆಂಟ್ ಗಾರೆ) ಪೂರ್ತಿ ತುಂಬಬೇಕು. ಕಾರ್ಖಾನೆಯಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಕೆಲಸ ನಡೆದಿದ್ದರೂ ಈ ಹಂತ ನಡೆಯುವುದು ನಿವೇಶನದಲ್ಲಿ, ಕೈಕೆಲಸದಲ್ಲಿ. ಮುಗಿದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ.

ಇದರ ಬೆಲೆ ಏನೆಂದು ತೋರಿಸಿದ್ದು ಲಂಡನ್ನಿನ ರೋನನ್ ಪಾಯಿಂಟ್. 22 ಅಂತಸ್ತಿನ ಈ ಪ್ಯಾನೆಲ್ ಕಟ್ಟಡದಲ್ಲಿ ಜನ ವಾಸಕ್ಕೆ ಬಂದು ಕೆಲವೇ ವಾರಗಳಾಗಿದ್ದವು. 1968ರ ಮೇ 16ರ ಬೆಳಗ್ಗೆ 18ನೇ ಅಂತಸ್ತಿನ ಮನೆಯೊಂದರಲ್ಲಿ ಅನಿಲ ಸ್ಫೋಟವಾಯಿತು. ಮೂಲೆಯ ಗೋಡೆ ಹೊರಕ್ಕೆ ಹಾರಿತು. ಆಧಾರ ತಪ್ಪಿದ ಮೇಲಿನ ಅಂತಸ್ತುಗಳು ಕುಸಿದವು, ಆ ಭಾರಕ್ಕೆ ಕೆಳಗಿನವೂ ಒಂದರ ಹಿಂದೊಂದು ಹೋದವು. ನಾಲ್ವರು ಸತ್ತರು. ಪ್ಯಾನೆಲುಗಳು ಹೆಚ್ಚಾಗಿ ತಮ್ಮ ಭಾರದಿಂದಲೇ ನಿಂತಿದ್ದವು, ಅವನ್ನು ಪರಸ್ಪರ ಬಿಗಿಯುವ ಕಟ್ಟು ಸಾಲದಾಗಿತ್ತು. ಒಂದು ಕಡೆ ಪೆಟ್ಟು ಬಿದ್ದರೆ ಇಡೀ ಕಟ್ಟಡ ಸರಪಳಿಯಾಗಿ ಕುಸಿಯಬಾರದು ಎಂಬ ನಿಯಮ ಬ್ರಿಟನ್ನಿನಲ್ಲಿ ಬಂದದ್ದು ಇದಾದ ಮೇಲೆ. 1986ರಲ್ಲಿ ಕಟ್ಟಡವನ್ನು ಕಳಚಿದಾಗ ಗಾರೆ ಇರಬೇಕಾದ ಜಾಯಿಂಟುಗಳಲ್ಲಿ ಖಾಲಿ ಜಾಗವೂ ಕಸವೂ ಸಿಕ್ಕವು.

ಹಾಗೆಂದು ಪ್ಯಾನೆಲ್ ಮನೆ ಎಂದರೆ ಅಪಾಯ ಎಂದುಕೊಳ್ಳುವುದೂ ಸರಿಯಲ್ಲ. 1988ರ ಡಿಸೆಂಬರ್ 7ರಂದು ಆರ್ಮೇನಿಯಾದಲ್ಲಿ ಭೂಕಂಪವಾದಾಗ ಲೆನಿನಾಕಾನ್ ನಗರದಲ್ಲಿ ಪ್ರೀಕಾಸ್ಟ್ ಕಾಲಂ ಮತ್ತು ಬೀಮುಗಳಿಂದ ಕಟ್ಟಿದ ಒಂಬತ್ತು ಅಂತಸ್ತಿನ ಕಟ್ಟಡಗಳು ಬಹಳಷ್ಟು ನೆಲಸಮವಾದವು. ಅದೇ ನಗರದಲ್ಲಿ ದೊಡ್ಡ ಪ್ಯಾನೆಲುಗಳಿಂದ ಕಟ್ಟಿದವು ಬಹುಮಟ್ಟಿಗೆ ನಿಂತವು. ಎರಡೂ ಪ್ರೀಕಾಸ್ಟೇ. ಜೋಡಣೆ ಎಲ್ಲಿ, ಹೇಗೆ ಎನ್ನುವುದರಲ್ಲಿ ವ್ಯತ್ಯಾಸ. ಇತ್ತ ಕಂಬಿಯಿಲ್ಲದ ಇಟ್ಟಿಗೆ ಗೋಡೆ ಭೂಕಂಪಕ್ಕೆ ತೀರಾ ದುರ್ಬಲ ಎಂಬುದನ್ನೂ ಮರೆಯಬಾರದು.

ಹಳೆಯ ಪ್ರೀಕಾಸ್ಟ್ ಮನೆ ಕೊಳ್ಳುವವರಿಗೆ ಇನ್ನೊಂದು ವಿಷಯ ಗೊತ್ತಿರಬೇಕು. ಎರಡನೇ ಮಹಾಯುದ್ಧದ ನಂತರ ವಸತಿ ಕೊರತೆ ನೀಗಿಸಲು ಬ್ರಿಟನ್ ಇಂಥ ಮನೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಟ್ಟಿತು. ಕೆಲವು ಮಾದರಿಗಳಲ್ಲಿ ಕಂಬಿಯ ಮೇಲಿನ ಕಾಂಕ್ರೀಟ್ ತೆಳುವಾಗಿತ್ತು. ಬೇಗ ಗಟ್ಟಿಯಾಗಲೆಂದು ಬೆರೆಸಿದ ಕ್ಲೋರೈಡ್ ಕೂಡ ಕಂಬಿಯನ್ನು ತುಕ್ಕು ಹಿಡಿಸಿತು. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಕೊನೆಗೆ 1984ರಲ್ಲಿ ಕಾನೂನೇ ಬಂದು ಕೆಲವು ಮಾದರಿಗಳನ್ನು ದೋಷಪೂರಿತ ಎಂದು ಘೋಷಿಸಿತು. ಅಂಥ ಮನೆಗೆ ಸಾಲ ಸಿಗುವುದು ಕಷ್ಟವಾಯಿತು. ಹಾಗಾಗಿ ಹಳೆಯ ಮನೆ ನೋಡುವಾಗ ಪ್ಯಾನೆಲಿನ ಅಂಚಿನಲ್ಲಿ ಕಂಬಿಯ ಉದ್ದಕ್ಕೂ ಓಡುವ ಬಿರುಕು, ಕಂದು ಕಲೆ, ಉದುರಿದ ಚೂರು ಇವೆಯೇ ಎಂದು ನೋಡಿ. ಇಟ್ಟಿಗೆ ಗೋಡೆಯ ಗಿಲಾವಿನಲ್ಲಿ ಕಾಣುವ ಕೂದಲೆಳೆಯ ಬಿರುಕಿಗೆ ಇಷ್ಟು ಅರ್ಥವಿಲ್ಲ.

ವಾಸದ ಅನುಭವದಲ್ಲೂ ವ್ಯತ್ಯಾಸ ಉಂಟು. ಕಾಂಕ್ರೀಟ್ ಇಟ್ಟಿಗೆಗಿಂತ ಸುಮಾರು ಎರಡರಷ್ಟು ಸುಲಭವಾಗಿ ಶಾಖವನ್ನು ದಾಟಿಸುತ್ತದೆ. ನಡುವೆ ಶಾಖ ತಡೆಯುವ ಪದರವಿರುವ ಸ್ಯಾಂಡ್‌ವಿಚ್ ಪ್ಯಾನೆಲ್ ಆದರೆ ಸರಿ. ಬರೀ ಕಾಂಕ್ರೀಟಿನ ತೆಳು ಹೊರಗೋಡೆಯಾದರೆ ಮನೆ ಬಿಸಿಲಿಗೆ ಬೇಗ ಕಾಯುತ್ತದೆ, ಚಳಿಗೆ ಬೇಗ ತಣ್ಣಗಾಗುತ್ತದೆ. ಹೊರಗಿನ ಸಂದುಗಳಿಗೆ ನೀರು ಬರದಂತೆ ಹಾಕಿದ ಅಂಟಿನಂಥ ಸೀಲಂಟ್ ಬಿಸಿಲಿಗೆ ಒಣಗಿ ಬಿರಿಯುತ್ತದೆ, ಅದನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಮಳೆನೀರು ಒಳಗೆ ಬರುತ್ತದೆ.

ಪ್ರೀಕಾಸ್ಟ್ ಮನೆ ಬೇಗ ಏಳುತ್ತದೆ, ಅಗ್ಗವೂ ಹೌದು ಎಂಬ ಮಾತಿದೆ. ವೇಗದ ಮಾತು ನಿಜ. ತಳಪಾಯ ಹಾಕುವ ಹೊತ್ತಿಗೇ ಕಾರ್ಖಾನೆಯಲ್ಲಿ ಗೋಡೆ ತಯಾರಾಗುತ್ತಿರುತ್ತದೆ, ಸೆಂಟ್ರಿಂಗ್ ಬಿಚ್ಚಲು ದಿನಗಟ್ಟಲೆ ಕಾಯುವುದು ತಪ್ಪುತ್ತದೆ. ಅಗ್ಗ ಎಂಬ ಮಾತನ್ನು ಮಾತ್ರ ಪರೀಕ್ಷಿಸಬೇಕು. ಅಚ್ಚಿನ ಖರ್ಚು ಗಿಟ್ಟುವುದು ಒಂದೇ ನಮೂನೆಯ ಹತ್ತಾರು ಮನೆಗಳಿಗೆ ಅದೇ ಅಚ್ಚು ಬಳಸಿದಾಗ. ಒಂಟಿ ಮನೆಗೆ, ಅದೂ ನಿಮ್ಮದೇ ನಕ್ಷೆಗೆ, ಸಾಗಣೆ ಮತ್ತು ಕ್ರೇನಿನ ಬಾಡಿಗೆ ಸೇರಿದರೆ ಇಟ್ಟಿಗೆಯೇ ಅಗ್ಗವಾಗಬಹುದು.

ಇನ್ನು ಬದಲಾವಣೆ. ಸ್ವಿಚ್ ಬೋರ್ಡ್, ಪೈಪಿನ ದಾರಿ, ಕಿಟಕಿ ಎಲ್ಲವನ್ನೂ ಅಚ್ಚು ಹಾಕುವ ಮುಂಚೆಯೇ ತೀರ್ಮಾನಿಸಬೇಕು. ಕಾಲಂ ಇರುವ ಇಟ್ಟಿಗೆ ಮನೆಯಲ್ಲಿ ನಡುಗೋಡೆ ತೆಗೆದು ಎರಡು ಕೋಣೆ ಒಂದು ಮಾಡುವುದು ಮೇಸ್ತ್ರಿಗೆ ದೊಡ್ಡ ಕೆಲಸವಲ್ಲ. ಭಾರ ಹೊತ್ತ ಪ್ಯಾನೆಲಿನಲ್ಲಿ ಬಾಗಿಲು ಕೊರೆಯಲು ಎಂಜಿನಿಯರನ ಲೆಕ್ಕ ಬೇಕು, ಎಷ್ಟೋ ಸಲ ಕೊರೆಯಬೇಡಿ ಎಂದೇ ಆ ಲೆಕ್ಕ ಹೇಳುತ್ತದೆ. ಆದ್ದರಿಂದ ಕೊಳ್ಳುವಾಗ ಮನೆಯ ನಕ್ಷೆಯ ಜೊತೆಗೆ ಪ್ಯಾನೆಲುಗಳ ನಕ್ಷೆ, ಜಾಯಿಂಟಿನ ವಿವರ, ಗ್ರೌಟ್ ತುಂಬಿದ್ದನ್ನು ಯಾರು, ಯಾವಾಗ ಪರಿಶೀಲಿಸಿದರು ಎಂಬ ದಾಖಲೆ ಕೇಳಿ ಪಡೆಯಿರಿ. ಕೊಡಲು ಹಿಂಜರಿಯುವವರಿಂದ ನಾನಾದರೆ ಆ ಮನೆ ಕೊಳ್ಳುವುದಿಲ್ಲ.